ಕೋಡ್ ಹೇಳಿದ್ದು ಪೆಟ್ರೋಲ್ ಸಾಲದು ಎಂದು, ಪ್ಲಗ್ ಮೇಲಿದ್ದದ್ದು ಮಸಿ: ಹಳೆಯ ಕಾರಿನ ಎಂಜಿನ್ ದೀಪದ ಒಂದು ಪ್ರಕರಣ

ಕಾರು 2014ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೂರು ಸಿಲಿಂಡರ್, ಬಿಎಸ್-4 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಎಂಜಿನ್, ಓಡಿದ್ದು ಒಂದು ಲಕ್ಷ ಇಪ್ಪತ್ತು ಸಾವಿರ ಕಿಲೋಮೀಟರ್ ಹತ್ತಿರ. ಕಂಪನಿ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಈ ತೊಂದರೆ ಯಾವ ಕಂಪನಿಯ ಹಳೆಯ ಕಾರಿಗೂ ಬರುವಂಥದ್ದು. ಮಾಲೀಕರು ದಾವಣಗೆರೆ ವಿದ್ಯಾನಗರದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಓಡಾಟವೆಲ್ಲ ಹೆಚ್ಚಾಗಿ ಊರೊಳಗೇ: ಮೊಮ್ಮಗಳನ್ನು ಶಾಲೆಗೆ ಬಿಡುವುದು, ಬ್ಯಾಂಕು, ಮಾರ್ಕೆಟ್ಟು. ಆಗೊಮ್ಮೆ ಈಗೊಮ್ಮೆ ಚಿತ್ರದುರ್ಗದ ಮಗಳ ಮನೆಗೆ. ಅಲ್ಲಿಂದ ವಾಪಸ್ ಬರುವಾಗಲೇ, ಭರಮಸಾಗರ ದಾಟಿದ ಮೇಲೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ದೀಪ ಹೊತ್ತಿದ್ದು ಅವರ ಕಣ್ಣಿಗೆ ಬಿತ್ತು. ಕಾರು ಓಡುವುದರಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಆದರೂ ಪಕ್ಕಕ್ಕೆ ನಿಲ್ಲಿಸಿ ನಮ್ಮ ಗ್ಯಾರೇಜಿಗೆ ಫೋನ್ ಮಾಡಿದರು.

"ಮೇಷ್ಟ್ರೇ, ದೀಪ ಹಳದಿನೋ ಕೆಂಪೋ?"

"ಹಳದಿ ಐತಪ್ಪ."

"ಮಿಣುಕ್ತಾ ಐತೇನ್ರಿ, ಇಲ್ಲಾ ಒಂದೇ ಸಮ ಉರೀತಾ ಐತಾ?"

"ಒಂದೇ ಸಮ ಉರೀತಾ ಐತೆ."

"ಹಂಗಾದ್ರೆ ಹೆದರಬ್ಯಾಡ್ರಿ, ನಿಧಾನಕ್ಕೆ ಬರ್ರಿ. ಟೆಂಪರೇಚರ್ ಕಡೆ ಒಂದು ಕಣ್ಣಿರಲಿ."

ಈ ಎರಡು ಪ್ರಶ್ನೆಗಳನ್ನು ಎಲ್ಲ ಕಾರು ಮಾಲೀಕರೂ ಬಾಯಿಪಾಠ ಮಾಡಿಕೊಳ್ಳಬೇಕು ಅಂತ ನನ್ನ ಆಸೆ. ಆಯಿಲ್ ಕ್ಯಾನಿನ ಕೆಂಪು ದೀಪ ಹೊತ್ತಿದರೆ ಎಂಜಿನ್ ಆಯಿಲ್‌ಗೆ ಒತ್ತಡವಿಲ್ಲ ಎಂದರ್ಥ. ಅಲ್ಲೇ, ಆ ಕ್ಷಣವೇ ಎಂಜಿನ್ ಬಂದ್ ಮಾಡಬೇಕು, ಇನ್ನೊಂದು ಕಿಲೋಮೀಟರ್ ಓಡಿಸಿದರೆ ಬೇರಿಂಗ್ ಉಳಿಯುವ ಖಾತ್ರಿಯಿಲ್ಲ. ಟೆಂಪರೇಚರಿನ ಕೆಂಪು ದೀಪಕ್ಕೂ ಅದೇ ನಿಯಮ. ಎಂಜಿನ್ ಚಿತ್ರದ ಹಳದಿ ದೀಪ ಬೇರೆ ಜಾತಿಯದು. ಅದು ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಡುತ್ತಿದೆ ಎಂದು, ಆಗಲೂ ನಿಲ್ಲಿಸುವುದೇ ಸರಿ. ಒಂದೇ ಸಮ ಉರಿಯುತ್ತಿದ್ದು, ಓಟದಲ್ಲಿ ಎಳೆತ, ಸದ್ದು, ವಾಸನೆ ಯಾವುದೂ ಬದಲಾಗದಿದ್ದರೆ ನಿಧಾನವಾಗಿ ಮನೆ ಸೇರಬಹುದು. ಹಾಗಂತ ತಿಂಗಳುಗಟ್ಟಲೆ ಹಾಗೇ ಬಿಡುವಂತಿಲ್ಲ.

ಮೇಷ್ಟ್ರು ನಮ್ಮಲ್ಲಿಗೆ ಬರುವ ಮುಂಚೆ ಮನೆ ಹತ್ತಿರದ ಇನ್ನೊಂದು ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಸಿದ್ದರು. ಅಲ್ಲಿ ಬಂದ ಕೋಡ್ ಪಿ0171. "ಆಕ್ಸಿಜನ್ ಸೆನ್ಸರ್ ಹೋಗೇತಿ, ಬದಲಾಯಿಸಿದ್ರೆ ಸರಿ ಹೋಗುತ್ತೆ, ಐದು ಸಾವಿರದ ಹತ್ತಿರ ಆಗುತ್ತೆ" ಅಂದರಂತೆ. ಎಕ್ಸಾಸ್ಟ್ ಪೈಪಿನಲ್ಲಿ ಕೂತು, ಹೊಗೆ ನೋಡಿ ಮಿಶ್ರಣ ಹೇಗಿದೆ ಎಂದು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಅದು. ಮೇಷ್ಟ್ರಿಗೆ ತಮ್ಮದೇ ಒಂದು ಲೆಕ್ಕಾಚಾರವೂ ಇತ್ತು: ಎಲ್ಲಕ್ಕೂ ಈ ಎಥನಾಲ್ ಪೆಟ್ರೋಲೇ ಕಾರಣ, ಹಳೇ ಕಾರಿಗೆ ಅದು ಆಗಿಬರುವುದಿಲ್ಲ. ಎರಡು ಮಾತನ್ನೂ ತಳ್ಳಿಹಾಕುವ ಹಾಗಿರಲಿಲ್ಲ, ಎರಡನ್ನೂ ಪರೀಕ್ಷೆ ಮಾಡದೆ ಒಪ್ಪುವ ಹಾಗೂ ಇರಲಿಲ್ಲ.

ಪಿ0171 ಎಂದರೆ ಏನು ಎಂದು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. ಎಂಜಿನ್ನಿಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಿದೆ, ಅಂದರೆ ಲೀನ್ ಆಗಿದೆ, ಕಂಪ್ಯೂಟರ್ ತನ್ನ ಕೈಲಾದಷ್ಟು ಪೆಟ್ರೋಲ್ ಹೆಚ್ಚಿಸಿದರೂ ಸರಿ ಹೋಗುತ್ತಿಲ್ಲ. ಇಷ್ಟೇ ಅದರ ಅರ್ಥ. ಸೆನ್ಸರ್ ಕೆಟ್ಟಿದೆ ಎಂದು ಈ ಕೋಡ್ ಎಲ್ಲೂ ಹೇಳುವುದಿಲ್ಲ. ಸೆನ್ಸರಿನ ಹೀಟರ್ ಸುಟ್ಟರೆ, ವೈರ್ ಕಡಿದರೆ, ಅದು ಸತ್ತು ಒಂದೇ ಕಡೆ ನಿಂತರೆ ಅದಕ್ಕೆಲ್ಲ ಬೇರೆ ಬೇರೆ ಕೋಡ್‌ಗಳಿವೆ. ಪಿ0171 ಬಂದಾಗ ಸೆನ್ಸರ್ ದೂರು ಕೊಟ್ಟವನ ಜಾಗದಲ್ಲಿರುತ್ತದೆ, ಅದನ್ನೇ ಆರೋಪಿಯ ಕಟಕಟೆಗೆ ಹತ್ತಿಸುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ.

ನಮ್ಮ ದೇಶದಲ್ಲಿ ಬಿಎಸ್-4 ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷ ತಾನೇ ಪತ್ತೆ ಮಾಡಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. 2014ರ ಕಾರಾದ್ದರಿಂದ ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿ ಕೋಡ್ ಮಾತ್ರವಲ್ಲ, ಫ್ರೀಜ್ ಫ್ರೇಮ್ ಕೂಡ ಸಿಗುತ್ತದೆ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಫೋಟೋ ಅಂದುಕೊಳ್ಳಿ. ಕೋಡ್ ಅಳಿಸಿದರೆ ಆ ಫೋಟೋನೂ ಅಳಿಸಿ ಹೋಗುತ್ತದೆ. ಪುಣ್ಯಕ್ಕೆ ಮೊದಲಿನ ಗ್ಯಾರೇಜಿನವರು ಅಳಿಸಿರಲಿಲ್ಲ.

ಫ್ರೀಜ್ ಫ್ರೇಮ್ ತೆರೆದಾಗ ಮೊದಲ ಸುಳಿವು ಸಿಕ್ಕಿತು. ವಾಹನದ ವೇಗ ಸೊನ್ನೆ. ಆರ್‌ಪಿಎಂ 760. ಕೂಲಂಟ್ ಬಿಸಿ 93 ಡಿಗ್ರಿ. ಅಂದರೆ ಕಾರು ನಿಂತಿತ್ತು, ಎಕ್ಸಲರೇಟರ್ ಒತ್ತದೆ ಎಂಜಿನ್ ಐಡಲ್‌ನಲ್ಲಿತ್ತು.

"ಹೈವೇಲಿ ಓಡ್ತಿದ್ದಾಗ ದೀಪ ಬಂತು ಅಂದ್ರಲ್ಲ ಮೇಷ್ಟ್ರೇ, ಅದಕ್ಕೂ ಮುಂಚೆ ಎಲ್ಲಾದ್ರೂ ನಿಂತಿದ್ರಾ?"

ಸ್ವಲ್ಪ ಯೋಚಿಸಿ ಹೇಳಿದರು, ದಾರಿಯಲ್ಲಿ ರಸ್ತೆ ಕೆಲಸ ನಡೆಯುತ್ತಿದ್ದ ಕಡೆ ಸಾಲಿನಲ್ಲಿ ತುಂಬ ಹೊತ್ತು ನಿಲ್ಲಬೇಕಾಯಿತು ಅಂತ. ದೀಪ ಹೊತ್ತಿದ್ದು ಅಲ್ಲಿ. ಅವರು ನೋಡಿದ್ದು ಆಮೇಲೆ.

ಇನ್ನೊಂದು ಮಾತು. ಇಂಥ ದೋಷಕ್ಕೆ ಕಂಪ್ಯೂಟರ್ ಸಾಮಾನ್ಯವಾಗಿ ಒಂದೇ ಸಲಕ್ಕೆ ದೀಪ ಹೊತ್ತಿಸುವುದಿಲ್ಲ. ಮೊದಲ ಓಡಾಟದಲ್ಲಿ ಕಂಡರೆ ಪೆಂಡಿಂಗ್ ಎಂದು ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಓಡಾಟದಲ್ಲೂ ಕಂಡರೆ ಆಗ ದೀಪ. ಆದ್ದರಿಂದ ದೀಪ ಹಠಾತ್ತಾಗಿ ಬಂದರೂ ರೋಗ ಹಠಾತ್ತಾಗಿ ಬಂದಿರುವುದಿಲ್ಲ. ಮೇಷ್ಟ್ರ ಡೈರಿಯೇ ಇದಕ್ಕೆ ಸಾಕ್ಷಿಯಾಯಿತು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಿಲೋಮೀಟರ್ ಮತ್ತು ಲೀಟರ್ ಬರೆದಿಡುವುದು ಅವರ ಅಭ್ಯಾಸ. ಊರೊಳಗೆ ಲೀಟರಿಗೆ ಹದಿನೈದರ ಸುಮಾರು ಕೊಡುತ್ತಿದ್ದ ಕಾರು ಕೆಲವು ತಿಂಗಳಿಂದ ಇಳಿಯುತ್ತ ಹನ್ನೆರಡಕ್ಕೆ ಬಂದಿತ್ತು. ಪೆಟ್ರೋಲ್ ಸಾಲುತ್ತಿಲ್ಲ ಎಂದು ಕೋಡ್ ಹೇಳುತ್ತಿದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ ಎಂದು ಡೈರಿ ಹೇಳುತ್ತಿದೆ.

ಹಾಗಾಗಿ ಮುಂದಿನ ಕೆಲಸ ಪೆಟ್ರೋಲಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚುವುದು. ಈ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ. ಹತ್ತು ಎಂಎಂ ಬೋಲ್ಟ್ ತೆಗೆದು ಕಾಯಿಲ್ ಎಳೆದರೆ ಪ್ಲಗ್ ಸಿಗುತ್ತದೆ, ಇಪ್ಪತ್ತು ನಿಮಿಷದ ಕೆಲಸ. ಮೂರೂ ಪ್ಲಗ್ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ನಿಜವಾಗಿ ಲೀನ್ ಓಡುವ ಎಂಜಿನ್ನಿನ ಪ್ಲಗ್ ತುದಿ ಬೆಳ್ಳಗೆ, ಸುಣ್ಣ ಬಳಿದ ಹಾಗೆ ಇರಬೇಕು. ಸರಿಯಾಗಿ ಉರಿಯುವುದರದ್ದು ತಿಳಿ ಕಂದು. ಇಲ್ಲಿದ್ದದ್ದು ಮಸಿ. ಒಣ ಮಸಿ, ಬೆರಳಿಟ್ಟರೆ ಬೆರಳು ಕಪ್ಪು. ಅದೂ ಮೂರಕ್ಕೂ ಒಂದೇ ಸಮ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಒಂದೇ ಸೋರುತ್ತಿದ್ದರೆ ಒಂದೇ ಪ್ಲಗ್ ಕಪ್ಪಾಗಬೇಕಿತ್ತು. ಮೂರೂ ಕಪ್ಪಾಗಿವೆ ಎಂದರೆ ಕಂಪ್ಯೂಟರೇ ಮೂರಕ್ಕೂ ಹೆಚ್ಚು ಪೆಟ್ರೋಲ್ ಬಿಡುತ್ತಿದೆ. ಡಿಪ್‌ಸ್ಟಿಕ್ ಮೂಸಿದರೆ ಎಂಜಿನ್ ಆಯಿಲ್‌ನಲ್ಲೂ ಸಣ್ಣಗೆ ಪೆಟ್ರೋಲ್ ವಾಸನೆ.

ನನ್ನ ಮಟ್ಟಿಗೆ ರೋಗನಿರ್ಣಯ ಶುರುವಾಗುವುದೇ ಇಲ್ಲಿಂದ: ಎರಡು ಸಾಕ್ಷಿಗಳು ಒಂದಕ್ಕೊಂದು ವಿರುದ್ಧ ನುಡಿದಾಗ. ಸಿಲಿಂಡರಿನೊಳಗೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿರುವುದು ಖಚಿತ. ಹೊರಗೆ ಎಕ್ಸಾಸ್ಟ್‌ನಲ್ಲಿ ಕೂತಿರುವ ಸೆನ್ಸರ್ ಮಾತ್ರ ಕಡಿಮೆ ಎನ್ನುತ್ತಿದೆ. ಇದಕ್ಕೆ ಎರಡೇ ದಾರಿ. ಒಂದು, ಸೆನ್ಸರ್ ಸುಳ್ಳು ಹೇಳುತ್ತಿರಬೇಕು. ಇಲ್ಲವೇ ಸಿಲಿಂಡರಿನಿಂದ ಸೆನ್ಸರಿನವರೆಗಿನ ದಾರಿಯಲ್ಲಿ ಏನೋ ಬೆರೆಯುತ್ತಿರಬೇಕು.

ಸೆನ್ಸರನ್ನು ಬಿಚ್ಚದೇ ಪರೀಕ್ಷೆ ಮಾಡುವುದು ಸುಲಭ. ಇದು ಜಿರ್ಕೋನಿಯಾ ಸೆನ್ಸರ್, ಬಿಸಿಯಾದಾಗ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಮೇಲೆ ಕೆಳಗೆ ಆಡುತ್ತಿರುತ್ತದೆ. 0.45ರ ಮೇಲೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು, ಕೆಳಗೆ ಲೀನ್. ಸ್ಕ್ಯಾನರಿನಲ್ಲಿ ಗ್ರಾಫ್ ತೆರೆದಿಟ್ಟು ಏರ್ ಫಿಲ್ಟರ್ ಕಡೆಯಿಂದ ಪೆಟ್ರೋಲಿನಂತೆ ಉರಿಯುವ ಕಾರ್ಬ್ ಕ್ಲೀನರ್ ಸ್ಪ್ರೇ ಒಂದು ಚೂರು ಬಿಟ್ಟೆವು. ಗೆರೆ ತಕ್ಷಣ 0.85ಕ್ಕೆ ನೆಗೆಯಿತು. ಎಕ್ಸಲರೇಟರ್ ಒತ್ತಿ ಏಕಾಏಕಿ ಬಿಟ್ಟಾಗ ಇಂಜೆಕ್ಟರ್‌ಗಳು ಪೆಟ್ರೋಲ್ ನಿಲ್ಲಿಸುತ್ತವಲ್ಲ, ಆಗ ಥಟ್ಟನೆ 0.1ರ ಕೆಳಗೆ ಬಂತು. ಇಷ್ಟು ಚುರುಕಾಗಿ ಎರಡೂ ಕಡೆ ಓಡುವ ಸೆನ್ಸರ್ ಹಾಳಾಗಿದೆ ಎನ್ನಲು ಮನಸ್ಸು ಬರುವುದಿಲ್ಲ.

ಇನ್ನು ಫ್ಯೂಯಲ್ ಟ್ರಿಮ್. ಲೆಕ್ಕದ ಪ್ರಕಾರ ಬಿಡಬೇಕಾದ ಪೆಟ್ರೋಲಿಗಿಂತ ಕಂಪ್ಯೂಟರ್ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಎನ್ನುವುದೇ ಟ್ರಿಮ್. ಒಳ್ಳೆಯ ಕಾರಿನಲ್ಲಿ ಇದು ಸೊನ್ನೆಯ ಆಚೀಚೆ ಐದಾರರೊಳಗೆ ಇರುತ್ತದೆ. ಈ ಕಾರಿನಲ್ಲಿ ಐಡಲ್‌ನಲ್ಲಿ ದೀರ್ಘಾವಧಿ ಟ್ರಿಮ್ ಶೇ. 24 ಹೆಚ್ಚು ತೋರಿಸುತ್ತಿತ್ತು, ಅದರ ಮೇಲೆ ಅಲ್ಪಾವಧಿ ಟ್ರಿಮ್ ಇನ್ನೂ ಐದಾರು ಸೇರಿಸುತ್ತಿತ್ತು. ಎಕ್ಸಲರೇಟರ್ ಹಿಡಿದು 2500 ಆರ್‌ಪಿಎಂನಲ್ಲಿ ನಿಲ್ಲಿಸಿದಾಗ ಒಟ್ಟು ಹತ್ತರ ಹತ್ತಿರಕ್ಕೆ ಇಳಿಯಿತು. ಹದಡಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗಲೂ ಪಂಪ್ ಸೋತ ಲಕ್ಷಣ ಇಲ್ಲ, ಎಳೆತ ಚೆನ್ನಾಗಿದೆ. ಪೆಟ್ರೋಲ್ ಪಂಪ್ ದುರ್ಬಲವಾಗಿದ್ದರೆ, ಫಿಲ್ಟರ್ ಕಟ್ಟಿದ್ದರೆ ಐಡಲ್‌ನಲ್ಲಿ ಹೇಗೋ ಸಾಲುತ್ತದೆ, ಭಾರ ಬಿದ್ದಾಗ ಸಾಲದು. ಇಲ್ಲಿ ಅದಕ್ಕೆ ತಿರುಗುಮುರುಗು.

ಐಡಲ್‌ನಲ್ಲಿ ಹೆಚ್ಚು, ವೇಗದಲ್ಲಿ ಕಡಿಮೆ ಎಂದ ಕೂಡಲೇ ಬಹಳ ಜನ ವ್ಯಾಕ್ಯೂಮ್ ಲೀಕ್, ಅಂದರೆ ಗಾಳಿ ಪೈಪಿನ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ ಎನ್ನುತ್ತಾರೆ. ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಕಾರುಗಳಲ್ಲಿ ಅದು ಸರಿಯಾದ ಊಹೆ. ಆದರೆ ಈ ಕಾರಿನಲ್ಲಿರುವುದು ಮ್ಯಾಪ್ ಸೆನ್ಸರ್, ಅದು ಅಳೆಯುವುದು ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಪೈಪಿನ) ಒತ್ತಡ. ಪೈಪ್ ಒಡೆದು ಗಾಳಿ ಒಳಗೆ ಬಂದರೆ ಒತ್ತಡ ಏರುತ್ತದೆ, ಅದನ್ನು ಸೆನ್ಸರ್ ಕಾಣುತ್ತದೆ, ಕಂಪ್ಯೂಟರ್ ತಕ್ಕಷ್ಟು ಪೆಟ್ರೋಲ್ ಕೊಡುತ್ತದೆ. ಆಗ ಐಡಲ್ ಏರಬೇಕು, ಮಿಶ್ರಣ ಅಷ್ಟಾಗಿ ಕೆಡುವುದಿಲ್ಲ. ಇಲ್ಲಿ ಐಡಲ್ 760ರಲ್ಲೇ ಗಟ್ಟಿಯಾಗಿ ನಿಂತಿತ್ತು. ಮ್ಯಾಪ್ ಸೆನ್ಸರನ್ನೂ ನೋಡಿದೆವು. ಎಂಜಿನ್ ಬಂದ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ಅದು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸಬೇಕು. ಪುಸ್ತಕದಲ್ಲಿ 101 ಕಿಲೋಪಾಸ್ಕಲ್ ಎಂದಿರುತ್ತದೆ, ಅದು ಸಮುದ್ರಮಟ್ಟದ ಮಾತು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ 94ರ ಆಸುಪಾಸು ಬಂದರೆ ಸೆನ್ಸರ್ ಸರಿಯಿದೆ ಎಂದೇ ಲೆಕ್ಕ. ಇದು ಗೊತ್ತಿಲ್ಲದೆ ಒಳ್ಳೆಯ ಮ್ಯಾಪ್ ಸೆನ್ಸರ್‌ಗಳನ್ನು ಕಿತ್ತು ಎಸೆದದ್ದನ್ನು ನೋಡಿದ್ದೇನೆ. ಇಲ್ಲಿ 94 ಬಂತು.

ಉಳಿದದ್ದು ಎಕ್ಸಾಸ್ಟ್ ಲೀಕ್. ಆಕ್ಸಿಜನ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಸಂದಿಯಿದ್ದರೆ ಹೊಗೆ ಹೊರಗೆ ಹೋಗುತ್ತದೆ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಆದರೆ ಹೊಗೆ ಒಂದೇ ಧಾರೆಯಾಗಿ ಬರುವುದಿಲ್ಲ, ಒಂದೊಂದು ಸಿಲಿಂಡರಿನಿಂದ ದಬ್ಬಿ ದಬ್ಬಿ ಬರುತ್ತದೆ. ಎರಡು ದಬ್ಬುವಿಕೆಗಳ ನಡುವೆ ಪೈಪಿನೊಳಗೆ ಒತ್ತಡ ಕ್ಷಣಕಾಲ ಹೊರಗಿನದಕ್ಕಿಂತ ಕಡಿಮೆಯಾಗಿ ಸಂದಿಯಿಂದ ಗಾಳಿ ಒಳಕ್ಕೆ ಎಳೆಯುತ್ತದೆ. ಮೂರು ಸಿಲಿಂಡರಿನ ಎಂಜಿನ್ ಐಡಲ್‌ನಲ್ಲಿದ್ದಾಗ ಈ ಬಿಡುವು ದೊಡ್ಡದು. ಆರ್‌ಪಿಎಂ ಏರಿದಂತೆ ಬಿಡುವು ಮುಚ್ಚಿ ಹೋಗುತ್ತದೆ, ಟ್ರಿಮ್ ಇಳಿಯುತ್ತದೆ. ಒಳಗೆ ನುಗ್ಗಿದ ಗಾಳಿಯ ಆಮ್ಲಜನಕವನ್ನು ಸೆನ್ಸರ್ ಪ್ರಾಮಾಣಿಕವಾಗಿ ಅಳೆದು ಪೆಟ್ರೋಲ್ ಕಡಿಮೆ ಎಂದು ಬರೆಯುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಸುರಿಯುತ್ತದೆ. ದಾರಿಯಲ್ಲಿ ಯಾರೋ ಮಜ್ಜಿಗೆಗೆ ನೀರು ಬೆರೆಸಿದರೆ ರುಚಿ ನೋಡಿದವನ ನಾಲಿಗೆ ಕೆಟ್ಟಿದೆ ಅನ್ನುವುದು ನ್ಯಾಯವಲ್ಲ. ಹೊಸ ಸೆನ್ಸರ್ ಹಾಕಿದ್ದರೂ ಇದೇ ಕೋಡ್ ವಾಪಸ್ ಬರುತ್ತಿತ್ತು.

ಲೀಕ್ ಹುಡುಕಲು ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಇಟ್ಟುಕೊಂಡೆವು. ತಣ್ಣಗಿದ್ದಾಗಲೇ ಇದು ಬಾಯಿಬಿಡುವುದು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಎಂಬ ಸಣ್ಣ ಸದ್ದು, ಬಿಸಿಯಾಗುತ್ತ ಬಂದಂತೆ ಕೇಳಿಸದಷ್ಟು ಕಡಿಮೆ. ಟ್ಯಾಪೆಟ್ ಸದ್ದು ಎಂದು ಮೋಸ ಹೋಗುವುದು ಇಲ್ಲೇ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟುಗೂಡಿಸುವ ಪೈಪು) ಬಿಸಿಗೆ ಹಿಗ್ಗಿ ಸಂದಿಯನ್ನು ಬಹುಪಾಲು ಮುಚ್ಚುತ್ತದೆ, ಪೂರ್ತಿ ಮುಚ್ಚುವುದಿಲ್ಲ. ಎಂಜಿನ್ ಬಂದ್ ಮಾಡಿ ಆರಲು ಬಿಟ್ಟು ಬ್ಲೋವರನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿದೆವು. ನಮ್ಮ ಹುಡುಗ ಸೋಪು ನೀರನ್ನು ಮ್ಯಾನಿಫೋಲ್ಡ್ ಉದ್ದಕ್ಕೂ ಸ್ಪ್ರೇ ಮಾಡುತ್ತ ಬಂದ. ಮೂರನೇ ಸಿಲಿಂಡರಿನ ಮೂಲೆಯಲ್ಲಿ ನೊರೆ ಉಕ್ಕಿ ಉಕ್ಕಿ ಬಂತು. "ಅಣ್ಣ, ಇಲ್ಲಿ ನಟ್ಟೇ ಇಲ್ಲ" ಅಂದ. ಟಾರ್ಚ್ ಹಿಡಿದು ನೋಡಿದರೆ ನಟ್ ಮಾತ್ರವಲ್ಲ, ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ಸ್ಟಡ್ಡೇ (ತಲೆಯಿಲ್ಲದ ಬೋಲ್ಟ್) ಮುರಿದಿತ್ತು. ಅದರ ಸುತ್ತ ಅಲ್ಯೂಮಿನಿಯಂ ಮೇಲೆ ಕಪ್ಪು ಮಸಿಯ ಬೀಸಣಿಗೆಯಾಕಾರ.

ಇಷ್ಟಕ್ಕೆ ನಿಲ್ಲಿಸಿ ಸ್ಟಡ್ ಹಾಕಿ ಕಳಿಸಬಹುದಿತ್ತು. ಸ್ಟಡ್ ಸುಮ್ಮನೆ ಮುರಿಯುವುದಿಲ್ಲವಲ್ಲ. ಬಿಸಿಗೆ ಹಿಗ್ಗಿ ಕುಗ್ಗುವಾಗ ತುದಿಯ ಸ್ಟಡ್‌ಗಳ ಮೇಲೇ ಎಳೆತ ಹೆಚ್ಚು ಎಂಬುದು ನಿಜ, ಆದರೂ ಏನೋ ಹೆಚ್ಚುವರಿ ಇರಬೇಕು ಎನಿಸಿ ಕಾರನ್ನು ರ‍್ಯಾಂಪಿಗೆ ಏರಿಸಿದೆವು. ಕೆಳಗೆ ಸೈಲೆನ್ಸರ್ ಹಿಡಿಯುವ ರಬ್ಬರ್ ಎರಡು ಕಡೆ ಹರಿದು ಹೋಗಿ ಅವುಗಳ ಜಾಗದಲ್ಲಿ ಬೈಂಡಿಂಗ್ ವೈರ್ ಬಿಗಿದಿತ್ತು. ಎಲ್ಲೋ ದಾರಿಯಲ್ಲಿ ಸೈಲೆನ್ಸರ್ ಜೋತುಬಿದ್ದಾಗ ಕಟ್ಟಿಸಿದ್ದೆ ಎಂದು ಮೇಷ್ಟ್ರಿಗೆ ನೆನಪಾಯಿತು. ಆ ಹೊತ್ತಿಗೆ ಅದು ಉಪಕಾರವೇ. ಆದರೆ ರಬ್ಬರ್ ಇರುವುದು ಎಂಜಿನ್ ಅಲುಗಾಟ ಮತ್ತು ರಸ್ತೆಯ ಹೊಡೆತ ನುಂಗಿಕೊಳ್ಳಲು. ತಂತಿ ಏನನ್ನೂ ನುಂಗುವುದಿಲ್ಲ. ಎಂಜಿನ್ ಹಿಂದೆ ಮುಂದೆ ಆಡಿದಾಗಲೆಲ್ಲ ಸೈಲೆನ್ಸರ್ ಅದನ್ನು ಹಿಡಿದೆಳೆಯುತ್ತದೆ. ಮಧ್ಯದ ಸ್ಪ್ರಿಂಗ್ ಜಾಯಿಂಟ್ ತುಕ್ಕು ಹಿಡಿದು ಜಾಮ್ ಆಗಿದ್ದರಿಂದ ಆ ಎಳೆತವೆಲ್ಲ ನೇರ ಮ್ಯಾನಿಫೋಲ್ಡಿಗೆ. ಹಂಪ್ ಹಾರಿದಾಗಲೆಲ್ಲ ಮೂಲೆಯ ಸ್ಟಡ್ ಒಂದೊಂದು ಪೆಟ್ಟು ತಿಂದಿದೆ. ತಂತಿಯಿಂದ ಸ್ಟಡ್, ಸ್ಟಡ್‌ನಿಂದ ಸಂದಿ, ಸಂದಿಯಿಂದ ದೀಪ.

ಇಲ್ಲಿ ಮೇಷ್ಟ್ರ ಮನೆಯವರು ಹೇಳಿದ ಒಂದು ಮಾತು ನನಗೆ ದೀಪಕ್ಕಿಂತ ದೊಡ್ಡದಾಗಿ ಕಂಡಿತು. ಸಿಗ್ನಲ್‌ನಲ್ಲಿ ನಿಂತಾಗ ಕಾರಿನೊಳಗೆ ಹೊಗೆ ವಾಸನೆ ಬರುತ್ತದೆ, ತಲೆ ಹಿಡಿದ ಹಾಗಾಗುತ್ತದೆ ಎಂದು ಅವರು ಬಹಳ ದಿನದಿಂದ ಹೇಳುತ್ತಿದ್ದರಂತೆ. ಮುಂದಿನ ಗಾಜಿನ ಬುಡದಲ್ಲೇ ಕ್ಯಾಬಿನ್ನಿಗೆ ಗಾಳಿ ಹೋಗುವ ಬಾಯಿ ಇರುತ್ತದೆ, ಬಾನೆಟ್ ಒಳಗೆ ಸೋರಿದ ಹೊಗೆ ಅಲ್ಲಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮಗೆ ಬರುವುದು ಜೊತೆಗಿರುವ ಬೇರೆ ಹೊಗೆಯ ವಾಸನೆ. ಕಾರಿನೊಳಗೆ ಹೊಗೆ ವಾಸನೆ ಬಂದರೆ ದೀಪ ಹೊತ್ತಲಿ ಬಿಡಲಿ, ಗಾಜು ಇಳಿಸಿ ಅವತ್ತೇ ತೋರಿಸಿ. ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರಿನಲ್ಲಂತೂ ಇದನ್ನು ನಾಳೆಗೆ ಇಡಬೇಡಿ.

ಎಥನಾಲ್ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರ ಅನುಮಾನದಲ್ಲಿ ಪಾಲು ಸತ್ಯವಿದೆ. ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಗುರಿ 2022ರಲ್ಲಿ ಮುಟ್ಟಿದೆವು, ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಕಬ್ಬಿನಿಂದಲೂ ಆಗುತ್ತದೆ, ನಮ್ಮ ಜಿಲ್ಲೆಯ ಹೊಲ ತುಂಬ ಬೆಳೆಯುವ ಮೆಕ್ಕೆಜೋಳದಿಂದಲೂ ಆಗುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುತ್ತದೆ. ಬರೀ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಇ20ಕ್ಕೆ ಹದಿಮೂರೂವರೆ ಹತ್ತಿರ. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಸ್ವಲ್ಪ ಹೆಚ್ಚು ಬಿಡಬೇಕು, ಹಳೆಯ ಲೆಕ್ಕಕ್ಕೆ ಹೊಂದಿಸಿದ ಕಾರಿನಲ್ಲಿ ಟ್ರಿಮ್ ಕೆಲವು ಅಂಕ ಮೇಲೇರುತ್ತದೆ. ಅಷ್ಟರಿಂದಲೇ ದೀಪ ಹೊತ್ತುವುದಿಲ್ಲ. ಆದರೆ ದೀಪ ಹೊತ್ತುವ ಗಡಿಗೆ ಇದ್ದ ಅಂತರ ಕಡಿಮೆಯಾಗುತ್ತದೆ, ಹಿಂದೆ ತಡೆದುಕೊಳ್ಳುತ್ತಿದ್ದ ಸಣ್ಣ ಸಂದಿ ಈಗ ಗಡಿ ದಾಟಿಸುತ್ತದೆ. ಮೇಷ್ಟ್ರಿಗೆ ಹೇಳಿದ್ದೂ ಇದನ್ನೇ. ಬೇರೆ ರೋಗ ಹುಡುಕದೆ ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟಿದ್ದರೆ ಆ ಹೊಗೆ ಕಾರಿನೊಳಗೆ ಬರುತ್ತಲೇ ಇರುತ್ತಿತ್ತು.

ರಿಪೇರಿಯಲ್ಲಿ ಕಷ್ಟದ ಕೆಲಸ ಮುರಿದ ಸ್ಟಡ್ ತೆಗೆಯುವುದು. ಸ್ಟಡ್ ಕೂತಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಅವಸರ ಮಾಡಿದರೆ ಥ್ರೆಡ್ ಹೋಗುತ್ತದೆ. ಉಳಿದ ನಟ್‌ಗಳಿಗೆಲ್ಲ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆವು. ಮುರಿದ ತುದಿ ಎರಡು ಮೂರು ಎಳೆಯಷ್ಟು ಹೊರಗೆ ಇದ್ದದ್ದು ಅದೃಷ್ಟ. ಬ್ಯಾಟರಿ ಕಳಚಿ, ಕಂಪ್ಯೂಟರಿನ ಕನೆಕ್ಟರ್ ಬಿಡಿಸಿ, ಆ ತುದಿಯ ಮೇಲೆ ಒಂದು ನಟ್ ಕೂರಿಸಿ ಒಳಗಿನಿಂದ ವೆಲ್ಡ್ ಮಾಡಿಸಿದೆವು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಜೊತೆಗೆ ಆ ಬಿಸಿಯೇ ಹಿಡಿದಿದ್ದ ಸ್ಟಡ್ಡನ್ನು ಸಡಿಲ ಮಾಡುತ್ತದೆ. ಸ್ಪ್ಯಾನರ್ ಹಾಕಿ ಒಂದಿಷ್ಟು ಬಿಗಿ, ಒಂದಿಷ್ಟು ಸಡಿಲ, ಹೀಗೆ ಆಡಿಸುತ್ತ ಹೊರಗೆ ತಂದೆವು. ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಮೂರನೇ ಪೋರ್ಟಿನ ಹತ್ತಿರ ಸೊಟ್ಟಗಾಗಿದ್ದು ಕಂಡಿತು. ಪಿ.ಬಿ. ರಸ್ತೆ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಮುಖ ಸಮ ಮಾಡಿಸಿ ತಂದು ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್, ಹೊಸ ನಟ್ ಹಾಕಿ, ಮಧ್ಯದಿಂದ ತುದಿಗೆ ಎರಡು ಸುತ್ತಿನಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿದೆವು. ತಂತಿ ಕತ್ತರಿಸಿ ಎಸೆದು ಸೈಲೆನ್ಸರಿಗೆ ಹೊಸ ರಬ್ಬರ್, ಜಾಯಿಂಟಿಗೆ ಹೊಸ ಸ್ಪ್ರಿಂಗ್ ಬೋಲ್ಟ್. ಪೆಟ್ರೋಲ್ ಬೆರೆತಿದ್ದರಿಂದ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲು. ಪ್ಲಗ್‌ಗಳನ್ನು ತೊಳೆದು ಅವೇ ಹಾಕಿದೆವು. ಒಟ್ಟು ಖರ್ಚು ಸೆನ್ಸರಿಗೆ ಹೇಳಿದ್ದ ಮೊತ್ತದ ಆಸುಪಾಸೇ ಆಯಿತು.

ಕೋಡ್ ಅಳಿಸಿ ಟ್ರಿಮ್ ಸೊನ್ನೆಗೆ ತಂದು ಓಡಿಸಿದ ಮೇಲೆ ಐಡಲ್‌ನಲ್ಲಿ ಶೇ. 6, 2500ರಲ್ಲಿ ಶೇ. 5 ಬಂದು ನಿಂತಿತು. ಎರಡೂ ಕಡೆ ಒಂದೇ ಸಮ ಇರುವ ಈ ಅಲ್ಪ ಹೆಚ್ಚಳ ಇ20ದ್ದು ಎಂದು ನನ್ನ ಲೆಕ್ಕ. ಅದಕ್ಕೆ ಏನೂ ಮಾಡಬೇಕಿಲ್ಲ. ಕೋಡ್ ಅಳಿಸಿದ ತಕ್ಷಣ ದೀಪ ಆರುವುದು ಸಹಜ, ಅದರಿಂದ ಏನೂ ಸಾಬೀತಾಗುವುದಿಲ್ಲ. ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನೆಲ್ಲ ಮತ್ತೆ ಮುಗಿಸಬೇಕು, ಅದಕ್ಕೆ ತಣ್ಣನೆಯ ಸ್ಟಾರ್ಟ್, ಊರಿನ ಓಡಾಟ, ಹೈವೇ ಓಡಾಟ ಎಲ್ಲ ಬೇಕಾಗುತ್ತದೆ. ಮೇಷ್ಟ್ರು ಚಿತ್ರದುರ್ಗಕ್ಕೆ ಹೋಗಿ ಬಂದ ಮೇಲೆ ಮತ್ತೆ ಸ್ಕ್ಯಾನರ್ ಹಾಕಿದಾಗ ಪರೀಕ್ಷೆಗಳೆಲ್ಲ ಪೂರ್ತಿಯಾಗಿದ್ದವು, ಪೆಂಡಿಂಗ್ ಕೋಡ್ ಕೂಡ ಇರಲಿಲ್ಲ.

ಒಂದು ವಿಷಯ ಮಾತ್ರ ತೆರೆದೇ ಇದೆ. ತಿಂಗಳುಗಟ್ಟಲೆ ರಿಚ್ ಓಡಿದ್ದರಿಂದ ಕ್ಯಾಟಲಿಟಿಕ್ ಕನ್ವರ್ಟರಿನ ಆಯಸ್ಸು ಎಷ್ಟು ಕಡಿಮೆಯಾಗಿದೆಯೋ ಈಗಲೇ ಹೇಳಲಾಗದು. ಕನ್ವರ್ಟರಿನ ಹಿಂದೆ ಕೂತಿರುವ ಎರಡನೇ ಆಕ್ಸಿಜನ್ ಸೆನ್ಸರಿನ ಗೆರೆ ಸದ್ಯ ನೆಟ್ಟಗಿದೆ, ಅದು ಒಳ್ಳೆಯ ಲಕ್ಷಣ. ಮುಂದೆ ಅದೂ ಕನ್ವರ್ಟರಿಗಿಂತ ಮುಂಚಿನ ಸೆನ್ಸರಿನಂತೆ ಮೇಲೆ ಕೆಳಗೆ ಆಡತೊಡಗಿ, ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆ ಎನ್ನುವ ಪಿ0420 ಕೋಡ್ ಬಂದರೆ ಕನ್ವರ್ಟರ್ ಸೋತಿದೆಯೇ ಎಂದು ನೋಡಬೇಕಾಗುತ್ತದೆ. ಮುಂದಿನ ಸರ್ವಿಸಿಗೆ ಬಂದಾಗ ಆ ಗೆರೆ, ಪ್ಲಗ್ ಬಣ್ಣ, ಮ್ಯಾನಿಫೋಲ್ಡ್ ನಟ್‌ಗಳ ಬಿಗಿ, ಮೂರನ್ನೂ ನೋಡಬೇಕೆಂದು ಜಾಬ್ ಕಾರ್ಡಿನ ಮೇಲೆ ಬರೆದಿಟ್ಟಿದ್ದೇವೆ. ಮೇಷ್ಟ್ರೂ ತಮ್ಮ ಡೈರಿಯಲ್ಲಿ ಬರೆದುಕೊಂಡಿದ್ದಾರೆ.